ಹೋಗಿ ಬರ್ತೀವಿ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಅಂದರೆ ಹಿರಿಯರು ಗದರಿಸುತ್ತಾರೆ. ‘ಹೋಗಿ ಬರ್ತೀನಿ’ ಅನ್ನಬೇಕು. ಸಂತೆಗೆ ಹೊರಟವರೂ ಹಾಗೇ ಅನ್ನಬೇಕು, ದೇಶ ಬಿಟ್ಟು ಹೊರಟವರೂ ಹಾಗೇ ಅನ್ನಬೇಕು. ಕೆಲವು ಮನೆಗಳಲ್ಲಂತೂ ಹೋಗುವ ಮಾತೇ ಬೇಡವೆಂದು ‘ಬರ್ತೀನಿ’ ಎಂದಷ್ಟೇ ಹೇಳಿ ಹೊಸ್ತಿಲು ದಾಟುತ್ತಾರೆ. ಬಾಯಲ್ಲಿ ಬೆಳೆದ ಮಾತು ಇದು. ಅರ್ಥ ಯೋಚಿಸಿ ಯಾರೂ ಆಡುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ಗಂಟುಮೂಟೆ ಕಟ್ಟುವ ಕೊನೆಯ ವಾರಗಳಲ್ಲಿ, ಆರು ವರ್ಷವೂ ತುಂಬದ ಮಗಳು ಅದರ ಅರ್ಥ ಕೇಳುವ ತನಕ.

ಊರಿನ ಹೆಸರು ಟ್ಯೂಬಿಂಗೆನ್. ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ, ನೆಕರ್ ನದಿಯ ದಂಡೆಯ ಮೇಲಿದೆ. ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. 1477ರಲ್ಲಿ ಎಬರ್‌ಹಾರ್ಡ್ ಎಂಬ ದೊರೆ ಇಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದ. ‘ಅಟೆಂಪ್ಟೊ’, ಅಂದರೆ ‘ಎದೆಗಾರಿಕೆಯಿಂದ ಕೈಹಾಕುತ್ತೇನೆ’ ಎಂಬುದು ಅವನ ಧ್ಯೇಯವಾಕ್ಯ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಓದಿದ್ದು ಇಲ್ಲೇ. ಎರಡನೇ ಮಹಾಯುದ್ಧದಲ್ಲಿ ಹಳೆಯ ಪೇಟೆಗೆ ಹೆಚ್ಚು ಪೆಟ್ಟು ಬೀಳದಿದ್ದುದರಿಂದ ಮರದ ತೊಲೆಗಳು ಹೊರಗೆ ಕಾಣುವ ಮನೆಗಳ ಸಾಲು ಹಾಗೇ ಉಳಿದಿದೆ.

ನಮ್ಮ ಮನೆಯವರಿಗೆ ಅಲ್ಲಿ ಜೀವಶಾಸ್ತ್ರದ ಸಂಶೋಧನೆಯ ಕೆಲಸ ಸಿಕ್ಕಿತ್ತು. 2015ರ ಸೆಪ್ಟೆಂಬರಿನಲ್ಲಿ ಧಾರವಾಡ ಬಿಟ್ಟು ಹೋದಾಗ ಮಗಳಿಗೆ ಎರಡು ವರ್ಷ ಮೂರು ತಿಂಗಳು. 2019ರ ಮೇ 25ಕ್ಕೆ ತಿರುಗಿ ಬರುವುದೆಂದು ತೀರ್ಮಾನವಾದಾಗ ಆರು ತುಂಬಲು ಕೆಲವೇ ದಿನ ಬಾಕಿ. ಕೆಲಸವನ್ನು ಇನ್ನೂ ಎರಡು ವರ್ಷ ಮುಂದುವರಿಸಬಹುದಿತ್ತು. ಆದರೆ ಧಾರವಾಡದಲ್ಲಿ ಅಪ್ಪ ಒಬ್ಬರೇ ಆಗಿದ್ದರು. ಮಗಳನ್ನು ಅಲ್ಲಿ ಒಂದನೇ ಇಯತ್ತೆಗೆ ಹಾಕಿದರೆ ಆಮೇಲೆ ಕೀಳುವುದು ಕಷ್ಟ ಎಂಬ ಅಂಜಿಕೆಯೂ ಇತ್ತು. ಊರಲ್ಲೇ ಒಂದು ಸಂಸ್ಥೆಯಲ್ಲಿ ಇವರಿಗೆ ಕೆಲಸವೂ ಗೊತ್ತಾಯಿತು. ತಿಂಗಳುಗಟ್ಟಲೆ ಕೂಡಿಸಿ ಕಳೆದು ಕೊನೆಗೆ ಹೊರಡುವುದೆಂದೇ ಆಯಿತು.

ಬರುವುದಕ್ಕಿಂತ ಬಿಡುವುದು ಕಷ್ಟ ಎಂದು ಆಗ ಗೊತ್ತಾಯಿತು. ಅಲ್ಲಿ ಬಾಡಿಗೆ ಮನೆ ಬಿಡಬೇಕಾದರೆ ಮೂರು ತಿಂಗಳು ಮೊದಲೇ ಕಾಗದದಲ್ಲಿ ಬರೆದು, ಸಹಿ ಮಾಡಿ ಕೊಡಬೇಕು. ಮಾರ್ಚ್ ತಿಂಗಳ ಮೂರನೇ ಕೆಲಸದ ದಿನದೊಳಗೆ ಪತ್ರ ಮಾಲೀಕರ ಕೈ ಸೇರಿದರೆ ಮೇ ಕೊನೆಗೆ ಬಿಡುಗಡೆ. ಒಂದು ದಿನ ತಡವಾದರೂ ಇನ್ನೊಂದು ತಿಂಗಳ ಬಾಡಿಗೆ ತಲೆಗೆ ಬರುತ್ತದೆ. ದೇಶ ಬಿಡುವವರು ನಗರ ಕಚೇರಿಗೆ ಹೋಗಿ ‘ಇನ್ನು ನಾವು ಇಲ್ಲಿ ಇರುವುದಿಲ್ಲ’ ಎಂದು ದಾಖಲು ಮಾಡಿಸಬೇಕು. ಅದನ್ನೂ ಮನೆ ಬಿಡುವ ವಾರಕ್ಕಿಂತ ಮೊದಲು ಮಾಡಿಸಲು ಬರುವುದಿಲ್ಲ. ಬಿಟ್ಟು ಎರಡು ವಾರ ದಾಟಿದರೆ ತಪ್ಪಾಗುತ್ತದೆ. ಆ ಒಂದು ಚೀಟಿ ಸಿಕ್ಕಮೇಲೆ ವಿಮೆ, ಟೆಲಿಫೋನು, ರೇಡಿಯೊ-ಟೀವಿಗೆಂದು 2019ರಲ್ಲಿ ಪ್ರತಿ ಮನೆಯೂ ಕಟ್ಟುತ್ತಿದ್ದ ತಿಂಗಳ ಹದಿನೇಳೂವರೆ ಯೂರೋ, ಎಲ್ಲವನ್ನೂ ಒಂದೊಂದಾಗಿ ನಿಲ್ಲಿಸುತ್ತ ಬರಬೇಕು. ಅಡುಗೆಮನೆಯ ಗೋಡೆಗೆ ನಾನು ಒಂದು ಪಟ್ಟಿ ಅಂಟಿಸಿದ್ದೆ. ಮೂವತ್ತೆರಡು ಕೆಲಸ. ಮುಗಿದದ್ದಕ್ಕೆ ಕೆಂಪು ಗೆರೆ ಎಳೆಯುವುದು ಮಗಳ ಪಾಲಿನ ಕೆಲಸ. ಸಂತೋಷದಿಂದ ಎಳೆಯುತ್ತಿದ್ದಳು.

ಸಾಮಾನು ಸಾಗಹಾಕುವುದು ಇನ್ನೊಂದು ಪರ್ವ. ಬೇಡವಾದದ್ದನ್ನು ಕಂಡಲ್ಲಿ ಎಸೆಯುವಂತಿಲ್ಲ. ಕಾಗದಕ್ಕೊಂದು ಡಬ್ಬಿ, ತರಕಾರಿ ಸಿಪ್ಪೆಗೊಂದು, ಪ್ಲಾಸ್ಟಿಕ್ಕಿಗೆ ಹಳದಿ ಚೀಲ, ಗಾಜನ್ನು ಬಣ್ಣ ನೋಡಿ ಬೇರೆ ಮಾಡಬೇಕು. ಮಂಚ, ಕಪಾಟಿನಂಥದ್ದನ್ನು ಒಯ್ಯಲು ಮೊದಲೇ ಅರ್ಜಿ ಹಾಕಬೇಕು. ಆದರೆ ಆ ಜನರದು ಒಂದು ಒಳ್ಳೆಯ ಪದ್ಧತಿಯಿದೆ. ಬಳಸಲು ಬರುವಂಥದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಉಚಿತ, ಒಯ್ಯಿರಿ’ ಎಂದು ಬರೆದು ಮನೆಯ ಮುಂದೆ ಇಡುತ್ತಾರೆ. ನಮ್ಮ ಮೊದಲ ಚಳಿಗಾಲದ ತಟ್ಟೆ ಲೋಟಗಳೆಲ್ಲ ಇಂಥ ಪೆಟ್ಟಿಗೆಗಳಿಂದಲೇ ಬಂದಿದ್ದವು. ಕೊನೆಯ ತಿಂಗಳು ಅವೇ ತಟ್ಟೆ ಲೋಟಗಳನ್ನು ಅಂಥದೇ ಪೆಟ್ಟಿಗೆಯಲ್ಲಿಟ್ಟು ಹೊರಗಿಟ್ಟೆವು. ಸಂಜೆಯೊಳಗೆ ಯಾರೋ ಒಯ್ದರು.

ಇಷ್ಟೆಲ್ಲ ಮನೆ ಖಾಲಿಯಾಗುತ್ತಿದ್ದರೂ ಮಗಳು ಮಾತ್ರ ಹಾಯಾಗಿದ್ದಳು. ಕಾರಣ ಇಷ್ಟೇ: ಅವಳು ತಿರುಗಿ ಬರುವವಳಿದ್ದಳು. ಭೆಟ್ಟಿಯಾದವರಿಗೆಲ್ಲ ನಾನು ‘ಊರಿಗೆ ಹೋಗಿ ಬರ್ತೀವಿ’ ಅನ್ನುತ್ತಿದ್ದೆ. ಫೋನಿನಲ್ಲಿ ಕನ್ನಡದ ಗೆಳತಿಯರೊಡನೆ ಅದೇ ಮಾತು. ಮಗಳು ‘ಯಾವಾಗ ತಿರುಗಿ ಬರೋದು?’ ಎಂದು ಒಂದೆರಡು ಸಲ ಕೇಳಿದಾಗ ‘ಸೂಟಿಯಾಗ ಬರೂಣಂತ’ ಎಂದುಬಿಟ್ಟಿದ್ದೆ. ಅಳಿಸುವುದು ಯಾಕೆ, ಅಲ್ಲಿ ಅಜ್ಜನ ಮನೆ, ಹೊಸ ಸಾಲಿ, ಹೊಸ ಗೆಳತಿಯರು ಸಿಕ್ಕಮೇಲೆ ತಾನೇ ಮರೆಯುತ್ತಾಳೆ ಎಂದು ನನ್ನ ಲೆಕ್ಕ. ಮೂರು ಜನರ ವಿಮಾನದ ಟಿಕೀಟಿಗೆ ಎಷ್ಟು ಬೀಳುತ್ತದೆಂದು ಗೊತ್ತಿದ್ದ ನಾನೇ ಆ ಮಾತು ಹೇಳಿದ್ದೆ.

ಅವಳು ತನ್ನ ಆಸ್ತಿಯನ್ನೆಲ್ಲ ಆ ಮಾತಿನ ಮೇಲೆ ವಿಲೇವಾರಿ ಮಾಡಿದಳು. ಬಣ್ಣದ ಕಲ್ಲುಗಳ ಡಬ್ಬಿಯನ್ನು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಜೋಪಾನಕ್ಕೆ ಕೊಟ್ಟಳು. ಸೈಕಲ್ಲನ್ನು ನೆಲಮಾಳಿಗೆಯಲ್ಲಿ ಒರೆಸಿ ನಿಲ್ಲಿಸಿದಳು. ಗಂಬೂಟು ಒಯ್ಯುವುದು ಬೇಡ, ಬಂದಮೇಲೆ ಮಳೆಗಾಲಕ್ಕೆ ಬೇಕಾಗುತ್ತದೆ ಎಂದಳು. ಧಾರವಾಡದ ಮಳೆಗಾಲ ನೆನಪಾಗಿ ನಾನು ಸುಮ್ಮನೆ ನಕ್ಕೆ.

ಒಂದು ಊರಿನಲ್ಲಿ ವಾಸವಾಗಿರುವವರು ಆ ಊರು ನೋಡುವುದಿಲ್ಲ. ಗೋಳಗುಮ್ಮಟ ನೋಡದ ವಿಜಾಪುರದವರು ಎಷ್ಟೋ ಜನ. ನಾವೂ ನಾಲ್ಕು ವರ್ಷ ಮುಂದೂಡಿದ್ದನ್ನು ಆ ಕೊನೆಯ ರವಿವಾರಗಳಲ್ಲಿ ನೋಡಲು ಹೊರಟೆವು. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆಗೆ ಇವರು ಮಗಳನ್ನು ಕರೆದುಕೊಂಡು ಹೋದರು. ಫ್ರೆಡ್ರಿಕ್ ಮೀಶರ್ ಎಂಬ ಸ್ವಿಟ್ಜರ್‌ಲ್ಯಾಂಡಿನ ತರುಣ 1869ರಲ್ಲಿ ಅಲ್ಲಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಿಂದ ಬಂದ ಗಾಯದ ಪಟ್ಟಿಗಳಿಗೆ ಅಂಟಿದ ಕೀವನ್ನು ತೊಳೆದು, ಅದರ ಜೀವಕೋಶಗಳ ನಡುವಿನ ಬೀಜದಿಂದ ಒಂದು ಹೊಸ ಪದಾರ್ಥ ತೆಗೆದು ಅದಕ್ಕೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟ. ಇಂದು ಶಾಲೆಯ ಹುಡುಗರಿಗೂ ಗೊತ್ತಿರುವ ಡಿ.ಎನ್.ಎ. ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದು ಹಾಗೆ, ಅಡುಗೆಮನೆಯಲ್ಲಿ, ಎಲ್ಲರೂ ಮೂಗು ಮುಚ್ಚಿಕೊಳ್ಳುವ ಕೀವಿನಲ್ಲಿ. ಮಗಳಿಗೆ ಕೀವಿನ ಕಥೆ ಬಹಳ ಹಿಡಿಸಿತು. ಒಂದು ವಾರ ಸಿಕ್ಕವರಿಗೆಲ್ಲ ಹೇಳಿದಳು, ಊಟದ ಹೊತ್ತಿನಲ್ಲಿಯೂ.

ಇನ್ನೊಂದು ಸುತ್ತಾಟಕ್ಕೆ ಅಪ್ಪ ಕಾರಣರಾದರು. ಅಪ್ಪ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು. ಫೋನಿನಲ್ಲಿ ಮಾತಾಡುತ್ತ, ‘ನಾಕ ವರ್ಷ ಆ ಊರಾಗ ಇದ್ದೀರಿ. ಕಿಟೆಲ್ ಸಾಹೇಬ್ರು ತೀರಿಕೊಂಡ ಊರು ಅದು. ನಿಮಗ ಗೊತ್ತಿಲ್ಲೇನು?’ ಎಂದು ಕೇಳಿದರು. ನಿಜವಾಗಿಯೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. 1853ರಲ್ಲಿ ಇಪ್ಪತ್ತೊಂದರ ತರುಣನಾಗಿ ಬಾಸೆಲ್ ಮಿಶನ್ನಿನಿಂದ ನಮ್ಮ ನಾಡಿಗೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದು, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಕೊನೆಗಾಲ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟು ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಅಷ್ಟೇ ಅಲ್ಲ, 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರಿಗೂ ಗೌರವ ಡಾಕ್ಟರೇಟು ಕೊಟ್ಟದ್ದು ಇದೇ ವಿಶ್ವವಿದ್ಯಾಲಯ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಿಘಂಟು ತರಿಸಿ ನೋಡಿದೆವು. ಅಪ್ಪನ ಕಪಾಟಿನಲ್ಲಿ ಚಿಕ್ಕಂದಿನಿಂದ ಕಂಡ ದಪ್ಪ ಪುಸ್ತಕವೇ. ಮಗಳು ಪುಟದ ಮೇಲೆ ಬೆರಳಿಟ್ಟು, ‘ಇದು ಅಜ್ಜನ ಅಕ್ಷರ!’ ಎಂದು ದೊಡ್ಡ ದನಿಯಲ್ಲಿ ಕೂಗಿದಳು. ಅಪ್ಪ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಅವಳ ಮಟ್ಟಿಗೆ ಕನ್ನಡ ಲಿಪಿ ಅಂದರೆ ಅಜ್ಜನ ಕೈಬರಹ. ಸುತ್ತ ಓದುತ್ತಿದ್ದವರು ತಲೆಯೆತ್ತಿದರು, ನಾವು ಅವಳ ಬಾಯಿ ಮುಚ್ಚಿಸಿದೆವು. ನನಗೆ ಬೇರೊಂದು ಯೋಚನೆ ಹತ್ತಿತು. ಬಾಳಿನ ಬಹುಪಾಲು ಕನ್ನಡದಲ್ಲಿ ಕಳೆದ ಆ ಮುದುಕರು ಈ ಊರಿನಲ್ಲಿ ಕನ್ನಡವನ್ನು ಯಾರೊಡನೆ ಆಡಿದ್ದಾರು? ನಮ್ಮ ನಾಡಿನಿಂದ ಕೊನೆಯ ಸಲ ಹೊರಡುವಾಗ ಅವರೂ ‘ಹೋಗಿ ಬರ್ತೀನಿ’ ಎಂದೇ ಹೇಳಿರಬೇಕು. ನಮ್ಮ ಭಾಷೆಯಲ್ಲಿ ಬೇರೆ ಮಾತೇ ಇಲ್ಲವಲ್ಲ!

ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಒಂದು ಪದ್ಧತಿ ಇದೆ. ಅಂದರೆ ಗುಡಿಸುವ ವಾರ. ಹತ್ತಾರು ಮನೆಗಳಿರುವ ಕಟ್ಟಡದಲ್ಲಿ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಪಾಳಿ. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಹಲಗೆ ತೂಗುಹಾಕಿರುತ್ತದೆ. ವಾರ ಮುಗಿದಮೇಲೆ ಅದನ್ನು ತೆಗೆದು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕಬೇಕು. ಪ್ರೊಫೆಸರರ ಮನೆಯಾದರೂ ಸರಿ, ವಿದ್ಯಾರ್ಥಿಯ ಕೋಣೆಯಾದರೂ ಸರಿ, ಹಲಗೆ ಬಂದಮೇಲೆ ಕಸಬರಿಗೆ ಹಿಡಿಯಲೇಬೇಕು. ನಮ್ಮ ಕಟ್ಟಡದಲ್ಲಿ ಆರು ಮನೆ. ಮೊದಲ ವರ್ಷ ನಾನು ಮೂಲೆ ಬಿಟ್ಟು ಗುಡಿಸಿದ್ದನ್ನು ಕೆಳಮನೆಯ ಅಜ್ಜಿ ಕೈಹಿಡಿದು ತೋರಿಸಿದ್ದರು. ಎಂಬತ್ತು ದಾಟಿದ ಆ ಅಜ್ಜಿಯೇ ಮಗಳಿಗೊಂದು ಪುಟ್ಟ ಕಸಬರಿಗೆ ತಂದುಕೊಟ್ಟಿದ್ದರು. ನಮ್ಮ ಪಾಳಿ ಬಂತೆಂದರೆ ಅವಳಿಗೆ ಹಬ್ಬ.

ಮೇ 12, ರವಿವಾರ. ನಮ್ಮ ಕೊನೆಯ ಪಾಳಿ ಮುಗಿಯಿತು. ಹಲಗೆಯನ್ನು ಮಗಳ ಕೈಗೆ ಕೊಟ್ಟು ಮೇಲಿನ ಮನೆಯ ಬಾಗಿಲಿಗೆ ಹಾಕಿ ಬಾ ಎಂದೆ. ಹಾಕಿ ಬಂದವಳು ಬೆರಳು ಎಣಿಸುತ್ತ, ‘ಅವ್ವಾ, ಇನ್ನ ಆರು ವಾರಕ್ಕ ತಿರುಗಿ ನಮ್ಮ ಪಾಳಿ, ಹೌದಲ್ಲೋ? ಅಷ್ಟರಾಗ ನಾವು ಬರ್ತೀವಿ?’ ಎಂದಳು.

‘ಹೂಂ’ ಎಂದೆ. ಮುಖ ನೋಡಿ ಹೇಳಲಿಲ್ಲ.

ಮರುದಿನ ಬಾಲವಾಡಿಯ ಶಿಕ್ಷಕಿ ನನ್ನನ್ನು ಒಂದು ಬದಿಗೆ ಕರೆದರು. ಜರ್ಮನಿಯಲ್ಲಿ ಒಂದನೇ ತರಗತಿಗೆ ಹೋಗುವ ಮೊದಲ ದಿನ ಪ್ರತಿ ಮಗುವಿನ ಕೈಯಲ್ಲೂ ಒಂದು ದೊಡ್ಡ ಕಾಗದದ ಪೊಟ್ಟಣ ಇರುತ್ತದೆ. ನಮ್ಮ ಕಡೆ ಚುರುಮುರಿ ಕಟ್ಟಿಕೊಡುವ ಪೊಟ್ಟಣದ್ದೇ ಆಕಾರ. ಆದರೆ ಮಗುವಿನ ಎದೆಯ ಎತ್ತರದ್ದು. ಒಳಗೆ ಮಿಠಾಯಿ, ಪೆನ್ಸಿಲು, ಆಟಿಗೆ. ಹೆಸರು ‘ಶೂಲ್‌ಟ್ಯೂಟೆ’. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ಯಾಕ್ಸನಿ, ಥುರಿಂಜಿಯ ಕಡೆ ಹುಟ್ಟಿದ ಪದ್ಧತಿ ಈಗ ದೇಶಕ್ಕೆಲ್ಲ ಹಬ್ಬಿದೆ. ಶಾಲೆ ತೆರೆಯುವುದು ಸೆಪ್ಟೆಂಬರಿನಲ್ಲಾದರೂ ಪೊಟ್ಟಣ ಮಾಡುವ ಸಂಭ್ರಮ ಬಾಲವಾಡಿಯಲ್ಲಿ ಬೇಸಿಗೆಗೇ ಶುರುವಾಗುತ್ತದೆ.

‘ನಿಮ್ಮ ಮಗಳು ನೀಲಿ ಬಣ್ಣ ಆರಿಸಿಕೊಂಡಿದ್ದಾಳೆ’ ಎಂದರು ಶಿಕ್ಷಕಿ. ‘ಸೆಪ್ಟೆಂಬರಿನಲ್ಲಿ ಯಾರ ಪಕ್ಕ ಕೂಡುತ್ತೇನೆ ಎಂದೂ ಗೊತ್ತುಮಾಡಿದ್ದಾಳೆ. ನೀನು ಭಾರತಕ್ಕೆ ಹೋಗುತ್ತೀಯಲ್ಲ ಎಂದು ಕೇಳಿದೆ. ನಾವು ಹೋಗುತ್ತೇವೆ ಮತ್ತು ಬರುತ್ತೇವೆ, ನಮ್ಮಮ್ಮ ಎಲ್ಲರಿಗೂ ಹಾಗೇ ಹೇಳಿದ್ದಾಳೆ ಎಂದಳು. ನೀವು ಬರುವವರಿದ್ದೀರಾ?’

ನಾನು ನಮ್ಮ ಭಾಷೆಯ ಪದ್ಧತಿ ವಿವರಿಸಲು ಹೋದೆ. ಅದು ಶುಭಕ್ಕಾಗಿ ಆಡುವ ಮಾತು, ನಿಮ್ಮ ‘ಔಫ್ ವೀಡರ್‌ಜೇಹೆನ್’ ಅಂದರೂ ‘ಮತ್ತೆ ಕಾಣುವ ತನಕ’ ಎಂದೇ ಅಲ್ಲವೇ ಎಂದೆ. ಅವರು ಕೇಳಿಕೊಂಡರು. ಆಮೇಲೆ ಇಷ್ಟೇ ಹೇಳಿದರು: ‘ನೀವು ಹೊರಡಲು ಇನ್ನು ಹನ್ನೆರಡು ದಿನ ಇದೆ. ಇವತ್ತು ಹೇಳಿದರೆ ಎಲ್ಲರಿಗೂ ವಿದಾಯ ಹೇಳಲು ಅವಳಿಗೆ ಹನ್ನೆರಡು ದಿನ ಸಿಗುತ್ತದೆ. ಅಲ್ಲಿಗೆ ಹೋದಮೇಲೆ ಗೊತ್ತಾದರೆ ಒಂದು ದಿನವೂ ಸಿಗುವುದಿಲ್ಲ.’

ಮನೆಗೆ ಬರುವಾಗ ನೆಕರ್ ಸೇತುವೆಯ ಮೇಲೆ ಬಹಳ ಹೊತ್ತು ನಿಂತೆ. ಮಗಳು ಅಳಬಾರದೆಂದು ಹೇಳಲಿಲ್ಲ ಎಂದುಕೊಂಡಿದ್ದೆ. ಅಲ್ಲ. ಅವಳ ಅಳು ನನಗೆ ನೋಡುವುದಾಗುತ್ತಿರಲಿಲ್ಲ. ಹೊರಡುವ ತೀರ್ಮಾನ ಸರಿಯೋ ತಪ್ಪೋ ಎಂದು ನನ್ನ ಮನಸ್ಸಿನಲ್ಲೇ ಇನ್ನೂ ತೂಗುತ್ತಿತ್ತು. ಅವಳು ಅತ್ತರೆ ತಕ್ಕಡಿ ಒಂದು ಕಡೆ ವಾಲೀತೆಂಬ ಭಯ. ಸುಳ್ಳು ನನ್ನ ಅನುಕೂಲಕ್ಕಾಗಿ ಹೇಳಿದ್ದು.

ಆ ರಾತ್ರಿ ಇಬ್ಬರೂ ಕೂತು ಹೇಳಿದೆವು. ನಾವು ಧಾರವಾಡದಲ್ಲೇ ಇರುವವರು, ಈ ಮನೆಗೆ ಬೇರೆಯವರು ಬರುತ್ತಾರೆ, ನಿನ್ನ ಸಾಲಿ ಅಲ್ಲೇ. ಯಾವಾಗಲಾದರೂ ಬಂದೇವು, ಆದರೆ ಯಾವಾಗ ಎಂದು ಗೊತ್ತಿಲ್ಲ, ಮಾತು ಕೊಡಲು ಆಗುವುದಿಲ್ಲ.

‘ಮತ್ತ ಸೂಟಿಯಾಗ ಬರೂಣಂತ ಅಂದಿದ್ದಿ?’

‘ಅಂದಿದ್ದೆ. ತಪ್ಪಾತು.’

‘ಸುಳ್ಳ ಹೇಳಿದಿ?’

‘ಹೌದವ್ವಾ.’

ಅವಳು ಅಳಲಿಲ್ಲ. ಎದ್ದು ಗೋಡೆಯ ಪಟ್ಟಿಯ ಮುಂದೆ ನಿಂತು ತಾನೇ ಎಳೆದ ಕೆಂಪು ಗೆರೆಗಳನ್ನು ನೋಡಿದಳು. ಆಮೇಲೆ ಹೋಗಿ ಮಲಗಿದಳು. ಅಳು ಬಂದದ್ದು ನಡುರಾತ್ರಿ. ಮುಂದಿನ ಎರಡು ದಿನ ನನ್ನೊಡನೆ ಕನ್ನಡ ಮಾತಾಡಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ. ನಾಲ್ಕು ವರ್ಷ ಮನೆಯಲ್ಲಿ ಕನ್ನಡವೇ ಇರಬೇಕೆಂದು ಹಟ ಹಿಡಿದವಳು ನಾನು. ಆ ಎರಡು ದಿನ ಏನೂ ಅನ್ನಲಿಲ್ಲ. ಶಿಕ್ಷಕಿಯ ಮೇಲೂ ಸ್ವಲ್ಪ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳಬೇಕು.

ಮೂರನೆಯ ದಿನ ಅವಳು ಒಂದು ಹಾಳೆ ತಂದಳು. ಬರೆಯಲು ಬಾರದ್ದರಿಂದ ಮುಖಗಳ ಚಿತ್ರ ಬಿಡಿಸಿದ್ದಳು. ಹನ್ನೊಂದು ಮುಖ. ಕೆಳಮನೆ ಅಜ್ಜಿ, ಬಾಲವಾಡಿಯ ನಾಲ್ವರು, ಇಬ್ಬರು ಶಿಕ್ಷಕಿಯರು, ಮಕ್ಕಳ ಪುಸ್ತಕ ಕೊಡುವ ಗ್ರಂಥಾಲಯದವರು, ದಿನಾ ಒಂದು ಚೂರು ಬ್ರೆಡ್ಡು ಕೈಗಿಡುತ್ತಿದ್ದ ಬೇಕರಿಯ ಬಾಯಿ, ಮೂರನೇ ಮಹಡಿಯ ಹುಡುಗ, ಸೇತುವೆಯ ಕೆಳಗಿನ ಒಂದು ಬಾತುಕೋಳಿ. ಇವರಿಗೆಲ್ಲ ಹೇಳಬೇಕು ಎಂದಳು. ಏನು ಹೇಳುವುದು ಎಂಬುದಕ್ಕೂ ಅವಳದೇ ಒಂದು ಪ್ರಶ್ನೆ. ‘ಹೋಗಿ ಬರ್ತೀನಿ’ಯಲ್ಲಿ ಬರುವುದಿದೆ. ‘ಔಫ್ ವೀಡರ್‌ಜೇಹೆನ್’ನಲ್ಲಿಯೂ ಮತ್ತೆ ಕಾಣುವುದಿದೆ. ಬರದೇ ಇರುವವರು ಏನು ಅನ್ನಬೇಕು? ಅಜ್ಜಿಯನ್ನೇ ಕೇಳಿ ಬಂದಳು. ಆ ಸೀಮೆಯ ಜನ ‘ಆಡೆ’ ಅನ್ನುತ್ತಾರೆ. ದೇವರಿಗೆ ಒಪ್ಪಿಸುವುದೆಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ಅದರಲ್ಲಿ ಬರುವುದಿಲ್ಲ, ಕಾಣುವುದಿಲ್ಲ. ಅದೇ ಆಗಬಹುದು ಎಂದಳು.

ಮುಂದಿನ ದಿನಗಳಲ್ಲಿ ಆ ಹಾಳೆ ಹಿಡಿದು ಊರು ಸುತ್ತಿದೆವು. ಮೂವತ್ತೆರಡು ಕೆಲಸದ ಪಟ್ಟಿ ಹಿಂದೆ ಬಿತ್ತು. ಬೇಕರಿಯ ಬಾಯಿ ಗಲ್ಲದ ಈಚೆ ಬಂದು ಬಾಗಿ ಕೈಕುಲುಕಿದರು. ಗ್ರಂಥಾಲಯದವರು ಅವಳ ಕಾರ್ಡು ಜಮಾ ಮಾಡಿಕೊಂಡು, ಒಂದು ಹಳೆಯ ಚಿತ್ರಪುಸ್ತಕ ಕೊಟ್ಟರು. ಬಾತುಕೋಳಿ ಮಾತ್ರ ಯಾವುದೆಂದು ಗುರುತು ಸಿಗಲಿಲ್ಲ; ಎಲ್ಲಕ್ಕೂ ಒಟ್ಟಿಗೆ ಹೇಳಿದಳು.

ಮೂರನೇ ಮಹಡಿಯ ಮನೆಯವರು ಸಿರಿಯಾದವರು. 2015ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಗಟ್ಟಲೆ ಜನ ಜರ್ಮನಿಗೆ ಬಂದರಲ್ಲ, ಆಗ ಬಂದವರು. ನಾವೂ ಅದೇ ಹೊತ್ತಿಗೆ ಬಂದವರು, ನಮ್ಮ ಕೈಯಲ್ಲಿ ನೇಮಕದ ಪತ್ರ ಇತ್ತು ಅಷ್ಟೇ. ಸೈಕಲ್ಲನ್ನು ಆ ಮನೆಯ ಹುಡುಗನಿಗೆ ಕೊಡುತ್ತೇನೆಂದು ಮಗಳು ತಾನೇ ಹೇಳಿದಳು. ಜೋಪಾನಕ್ಕಲ್ಲ, ಪೂರ್ತಿ. ಹುಡುಗನ ತಂದೆ ಸೈಕಲ್ಲು ಹಿಡಿದುಕೊಂಡು, ತಮಗೆ ಬಂದಷ್ಟು ಜರ್ಮನ್‌ನಲ್ಲಿ, ‘ನೀವು ಮನೆಗೆ ಹೊರಟಿದ್ದೀರಿ. ಒಳ್ಳೆಯದು, ಬಹಳ ಒಳ್ಳೆಯದು’ ಎಂದರು. ಅಷ್ಟು ದಿನ ನನ್ನ ಮನಸ್ಸಿನಲ್ಲಿ ತೂಗುತ್ತಿದ್ದ ತಕ್ಕಡಿ ಅಲ್ಲಿಗೆ ನಿಂತಿತು. ಹೋಗಲು ಒಂದು ಊರು, ಕಾಯುವ ಒಬ್ಬ ಅಪ್ಪ ಇದ್ದವಳು ಸರಿಯೋ ತಪ್ಪೋ ಎಂದು ಗೋಳಾಡಬಾರದು.

ಬಾಲವಾಡಿಯ ಕೊನೆಯ ದಿನ ನಾನು ರವೆ ಉಂಡಿ ಮಾಡಿ ಒಯ್ದೆ. ಮಕ್ಕಳು ಸುತ್ತ ಕೂತು ಹಾಡು ಹೇಳಿದರು. ಮೂರು ವರ್ಷದಲ್ಲಿ ಅವಳು ಬಿಡಿಸಿದ ಚಿತ್ರ, ಫೋಟೊ ಎಲ್ಲ ಸೇರಿಸಿಟ್ಟ ಒಂದು ಕಡತ ಕೈಗೆ ಕೊಟ್ಟರು. ಬಿಟ್ಟುಹೋಗುವ ಪ್ರತಿ ಮಗುವಿಗೂ ಹಾಗೆ ಕೊಡುತ್ತಾರೆ. ಜೊತೆಗೆ ನೀಲಿ ಪೊಟ್ಟಣ. ಸೆಪ್ಟೆಂಬರಿನ ತನಕ ಕಾಯದೆ ಇವಳದೊಂದನ್ನು ಬೇಗ ಮುಗಿಸಿದ್ದರು. ಒಳಗೆ ಖಾಲಿ. ಸಂಜೆ ಅಜ್ಜಿ ಅದನ್ನು ನೋಡಿ, ಖಾಲಿ ಪೊಟ್ಟಣ ದಾರಿಗೆ ಒಯ್ಯಬಾರದೆಂದು ತಳದಲ್ಲಿ ಒಂದು ಡಬ್ಬಿ ಬಣ್ಣದ ಪೆನ್ಸಿಲು ಇಟ್ಟರು. ಕಲ್ಲುಗಳ ಡಬ್ಬಿಯನ್ನು ವಾಪಸು ಕೊಡಲು ಬಂದರೆ ಮಗಳು ತೆಗೆದುಕೊಳ್ಳಲಿಲ್ಲ. ‘ಅದು ನಿಮಗೇ’ ಎಂದಳು. ಅಜ್ಜಿ ಏನೂ ಮಾತಾಡದೆ ಅದನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟುಕೊಂಡರು.

ಮೇ 24ಕ್ಕೆ ಮನೆ ಒಪ್ಪಿಸಿದೆವು. ಗೋಡೆಗಳಿಗೆ ನಾವೇ ಬಿಳಿ ಬಣ್ಣ ಹಚ್ಚಿದ್ದೆವು. ಮಾಲೀಕರು ಕೋಣೆ ಕೋಣೆ ನೋಡಿ, ಮೀಟರಿನ ಅಂಕಿ ಬರೆದುಕೊಂಡು, ಬೀಗದ ಕೈಗಳನ್ನು ಎಣಿಸಿ ತೆಗೆದುಕೊಂಡರು. ಆ ರಾತ್ರಿ ಅಜ್ಜಿಯ ಮನೆಯಲ್ಲೇ ಮಲಗಿದೆವು. ಬೆಳಿಗ್ಗೆ ಅಜ್ಜಿ ಬಾಗಿಲ ತನಕ ಬಂದರು. ನನ್ನ ಬಾಯಿಂದ ಅಭ್ಯಾಸಬಲದಿಂದ ‘ಔಫ್ ವೀಡರ್‌ಜೇಹೆನ್’ ಬಂತು. ಮಗಳು ನನ್ನ ಮುಖ ನೋಡಿ, ಅಜ್ಜಿಯ ಕೈ ಹಿಡಿದು, ‘ಆಡೆ’ ಎಂದಳು. ‘ಆಡೆ, ಮೇಡ್ಲೆ’ ಎಂದರು ಅಜ್ಜಿ. ಆ ಸೀಮೆಯ ಮಾತಿನಲ್ಲಿ ಮೇಡ್ಲೆ ಅಂದರೆ ಪುಟ್ಟ ಹುಡುಗಿ. ಇಬ್ಬರೂ ಅತ್ತರು, ಮುಚ್ಚುಮರೆಯಿಲ್ಲದೆ.

ನೀಲಿ ಪೊಟ್ಟಣ ಯಾವ ಪೆಟ್ಟಿಗೆಯಲ್ಲೂ ಹಿಡಿಸಲಿಲ್ಲ. ಬೆಂಗಳೂರಿನ ತನಕ ಅವಳ ತೊಡೆಯ ಮೇಲೇ ಬಂತು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದನ್ನು ಕಂಡು ನಕ್ಕು, ಸಾಲಿ ಎಂದಿನಿಂದ ಎಂದು ಕೇಳಿದರು. ‘ಮುಂದಿನ ವಾರ, ಧಾರವಾಡದಲ್ಲಿ’ ಎಂದಳು.

ಜೂನ್ ಮೊದಲ ವಾರ ಅವಳನ್ನು ಮನೆಯ ಹತ್ತಿರದ ಸಾಲಿಗೆ ಸೇರಿಸಿದೆವು. ಹಿಂದಿನ ರಾತ್ರಿ ಅಪ್ಪ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, ಸಮಾಚಾರವೆಲ್ಲ ಕೇಳಿ ತಿಳಿದು, ಪೇಟೆಗೆ ಹೋಗಿ ಒಂದು ಕಿಲೋ ಪೇಢೆ ತಂದು ಅದರಲ್ಲಿ ತುಂಬಿದರು. ಮೇಲೆ ಒಂದು ಪಾಟಿ, ಒಂದು ಅಂಕಲಿಪಿ. ಸಾಲಿಯ ಹುಡುಗರು ಇದೆಂಥ ಪೊಟ್ಟಣವೆಂದು ಮುತ್ತಿಕೊಂಡರು. ಪೇಢೆ ಹತ್ತು ನಿಮಿಷದಲ್ಲಿ ಮುಗಿಯಿತು. ಕನ್ನಡ ಮಾತಾಡುವುದರಲ್ಲಿ ತೊಂದರೆಯಾಗಲಿಲ್ಲ. ಓದು ಬರಹಕ್ಕೆ ಒಂದು ವರ್ಷ ಹಿಡಿಯಿತು. ಮೊದಮೊದಲು ಕನಸಿನಲ್ಲಿ ಜರ್ಮನ್ ಬಡಬಡಿಸುತ್ತಿದ್ದಳು. ಎರಡು ವರ್ಷದಲ್ಲಿ ಅದು ನಿಂತಿತು. ಈಗ ಹನ್ನೆರಡು ದಾಟಿದ್ದಾಳೆ. ಎಣಿಕೆ, ಒಂದೆರಡು ಹಾಡು, ಬೇಕರಿಯಲ್ಲಿ ಕೇಳುವ ನಾಲ್ಕು ಮಾತು ಬಿಟ್ಟರೆ ಆ ಭಾಷೆ ಉಳಿದಿಲ್ಲ. ಉಳಿಸಲು ಒಂದಿಷ್ಟು ಪ್ರಯತ್ನಪಟ್ಟೆವು. ಆಡುವವರಿಲ್ಲದ ಭಾಷೆ ಮಗುವಿನ ಬಾಯಲ್ಲಿ ನಿಲ್ಲುವುದಿಲ್ಲ. ಅದು ನಷ್ಟವೇ. ನಷ್ಟವಲ್ಲ ಎಂದು ಈಗ ನಾನು ಹೇಳುವುದಿಲ್ಲ.

ಹೋದ ವರ್ಷ ಅವಳ ತರಗತಿಯ ಒಬ್ಬ ಗೆಳತಿಯ ತಂದೆಗೆ ಪುಣೆಗೆ ವರ್ಗವಾಯಿತು. ಆ ಹುಡುಗಿ ಹೊರಡುವ ಹಿಂದಿನ ಸಂಜೆ ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದಳು. ಚಹಾ ಆಯಿತು, ಕುಂಕುಮ ಕೊಟ್ಟೆ. ತಾಯಿ ಎದ್ದು, ‘ಹೋಗಿ ಬರ್ತೀವ್ರಿ’ ಎಂದರು. ‘ಹೂಂ, ಹೋಗಿ ಬರ್ರಿ’ ಎಂದೆ ನಾನೂ, ರೂಢಿಯಂತೆ.

ಮಗಳು ಗೆಳತಿಯನ್ನು ತಡೆದು ನಿಲ್ಲಿಸಿದಳು. ‘ಖರೇ ಹೇಳು, ತಿರುಗಿ ಬರ್ತೀಯೋ ಇಲ್ಲೋ?’

ಆ ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಮುಖ ನೋಡಿದರು. ‘ಇಲ್ಲ ಅನಸ್ತದ’ ಎಂದಿತು ಹುಡುಗಿ, ಮೆಲ್ಲಗೆ.

‘ಹಂಗಾರ ನಡಿ, ನಾ ನಿಮ್ಮ ಮನೀತನಕಾ ಬರ್ತೀನಿ’ ಎಂದು ಮಗಳು ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಓಣಿಯುದ್ದಕ್ಕೂ ಕೈ ಕೈ ಹಿಡಿದು ಹೋದರು. ಅವಳು ತಿರುಗಿ ಬಂದಾಗ ಕತ್ತಲಾಗಿತ್ತು.